ಟಾಮ್ ರಾಬಿನ್ಸನ್ ಹೇಳಿದ ಒಂದು ನಿಜ

ಸಾಕ್ಷಿ ಮೊದಲು ಎಡಗಣ್ಣು ಎಂದರು. ಆಮೇಲೆ ತಡವರಿಸಿ, ಅಲ್ಲ ಬಲಗಣ್ಣು ಎಂದರು. ಪಾಟಿ ಸವಾಲಿಗೆ ನಿಂತಿದ್ದ ವಕೀಲರಿಗೆ ಅಷ್ಟೇ ಸಾಕಾಗಿತ್ತು. ನಿಮಗೆ ಎದುರಾಗಿದ್ದವಳನ್ನು ನೋಡಿ ನಿಮ್ಮ ಲೆಕ್ಕದಲ್ಲಿ ಎಡ ಎನ್ನುತ್ತೀರೋ, ಅವಳದೇ ಎಡಗಡೆ ಎನ್ನುತ್ತೀರೋ ಎಂದು ಬಿಡಿಸಿ ಕೇಳಿದರು. ಸಾಕ್ಷಿ ಯೋಚಿಸಿದರು. ಹಾಗಾದರೆ ಅದು ಅವಳ ಬಲಗಣ್ಣು, ಪೆಟ್ಟು ಬಿದ್ದದ್ದು ಮುಖದ ಬಲಭಾಗಕ್ಕೆ ಎಂದು ಒಪ್ಪಿಕೊಂಡರು. ಆ ಊರಿನ ಷೆರಿಫ್ ಅವರು, ನಮ್ಮ ಲೆಕ್ಕದಲ್ಲಿ ತನಿಖಾಧಿಕಾರಿ. ಹೆಸರು ಹೆಕ್ ಟೇಟ್. ಕೇಳಿದ ವಕೀಲರು ಆಟಿಕಸ್ ಫಿಂಚ್. ಊರು ಅಮೆರಿಕದ ಅಲಬಾಮಾ ರಾಜ್ಯದ ಮೇಕಂಬ್. ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾರ್ಪರ್ ಲೀ ತಮ್ಮ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಗಾಗಿ ಕಟ್ಟಿಕೊಂಡ ಊರು ಅದು.

ನಾನು ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನು ಸಾಹೇಬರು ಹೇಳಿ ಬರೆಸುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹೊರಗಿನವರಿಗೆ ಗೊತ್ತಿರದ ಸಂಗತಿ ಒಂದಿದೆ. ನಮ್ಮ ಕೋರ್ಟಿನ ಕಡತದಲ್ಲಿ ಸಾಮಾನ್ಯವಾಗಿ ಪ್ರಶ್ನೆ ಇರುವುದಿಲ್ಲ, ಉತ್ತರ ಮಾತ್ರ ಇರುತ್ತದೆ. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಮಿನ ಪ್ರಕಾರ ಸೆಷನ್ಸ್ ಕೋರ್ಟಿನ ಸಾಕ್ಷ್ಯವನ್ನು ನಿರೂಪಣೆಯ ರೂಪದಲ್ಲಿ ಬರೆಯುವುದೇ ವಾಡಿಕೆಯಾಗಿತ್ತು. ಬೇಕಾದ ಕಡೆ ಪ್ರಶ್ನೋತ್ತರವಾಗಿ ಬರೆಸಬಹುದಿತ್ತು, ಅದು ನ್ಯಾಯಾಧೀಶರ ವಿವೇಚನೆ. ಹಾಗಾಗಿ ವಕೀಲರು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ಕೇಳಿದ್ದೆಲ್ಲ ಕಾಗದಕ್ಕೆ ಬರುವಾಗ "ನಾನು ಆರೋಪಿಯನ್ನು ಮೊದಲು ನೋಡಿರಲಿಲ್ಲ ಎಂದರೆ ಸುಳ್ಳು" ಎಂಬ ಒಂದೇ ಸಾಲಾಗುತ್ತದೆ. ಸಾಕ್ಷಿ ಆ ಮಾತಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿದ್ದ, ಯಾರ ಮುಖ ನೋಡಿದ ಎಂಬುದು ಎಲ್ಲೂ ಉಳಿಯುವುದಿಲ್ಲ. ಸಾಕ್ಷಿಯ ನಡವಳಿಕೆಯ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಬೇಕೆಂದು 280ನೇ ಕಲಮು ಹೇಳುತ್ತಿತ್ತು. ಅದನ್ನು ಬರೆಸಿದ ಸಾಹೇಬರನ್ನು ನಾನು ಕಂಡದ್ದು ಬಹಳ ಕಡಿಮೆ. ಬೋರ್ಡಿನಲ್ಲಿ ಅಷ್ಟೊಂದು ಕೇಸು ಇದ್ದಾಗ ಯಾರು ಬರೆಸುತ್ತಾರೆ?

ತರಬೇತಿಗೆಂದು ಬಂದಿದ್ದ ಒಬ್ಬ ಕಿರಿಯ ನ್ಯಾಯಾಧೀಶೆ ಈ ಪುಸ್ತಕ ನನ್ನ ಮೇಜಿನ ಮೇಲೆ ಇಟ್ಟು, "ಮೇಡಂ, ನಡುವಿನ ಭಾಗ ಓದಿ, ಪೂರಾ ಡೆಪೊಸಿಷನ್ನೇ ಇದೆ" ಎಂದಿದ್ದರು. 1960ರಲ್ಲಿ ಬಂದ ಕಾದಂಬರಿ. ಮರುವರ್ಷ ಪುಲಿಟ್ಜರ್ ಬಂತು, 1962ರಲ್ಲಿ ಸಿನಿಮಾ ಆಯಿತು, ಆಟಿಕಸ್ ಆಗಿ ನಟಿಸಿದ ಗ್ರೆಗೊರಿ ಪೆಕ್‌ಗೆ ಆಸ್ಕರ್ ಸಿಕ್ಕಿತು. ಅಮೆರಿಕದಲ್ಲಿ ಶಾಲೆಯ ಮಕ್ಕಳೂ ಓದುವ ಪುಸ್ತಕ. ಆಟಿಕಸ್‌ನ ಪುಟ್ಟ ಮಗಳು ಸ್ಕೌಟ್ ಕಥೆ ಹೇಳುತ್ತಾಳೆ. ಎಲ್ಲರೂ ತಂದೆ ಮಗಳ ಕಥೆ ಎಂದು ಓದುತ್ತಾರಂತೆ. ನಾನು ಓದಿದ್ದು ಮಾತ್ರ ಕಡತದ ಹಾಗೆ, ಸಾಕ್ಷಿ ಸಾಕ್ಷಿಯಾಗಿ.

ಮೊಕದ್ದಮೆ ಇಷ್ಟೇ. 1930ರ ದಶಕ. ಟಾಮ್ ರಾಬಿನ್ಸನ್ ಎಂಬ 25 ವರ್ಷದ ಕಪ್ಪು ಕೂಲಿಕಾರ, ಹೆಂಡತಿ ಮಕ್ಕಳಿರುವವನು, 19 ವರ್ಷದ ಬಿಳಿಯ ಹುಡುಗಿ ಮಯೆಲ್ಲಾ ಯೂಯೆಲ್‌ಳ ಮೇಲೆ ಅತ್ಯಾಚಾರ ಮಾಡಿದ ಎಂಬ ಆರೋಪ. ಅಲಬಾಮಾದಲ್ಲಿ ಆಗ ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು. ನ್ಯಾಯಾಧೀಶ ಟೇಲರ್, ಪ್ರಾಸಿಕ್ಯೂಟರ್ ಗಿಲ್ಮರ್, ಆರೋಪಿ ಪರ ಕೋರ್ಟೇ ನೇಮಿಸಿದ ವಕೀಲ ಆಟಿಕಸ್. ತೀರ್ಪು ಕೊಡುವವರು ಹನ್ನೆರಡು ಮಂದಿ ಜ್ಯೂರಿ. ಎಲ್ಲರೂ ಬಿಳಿಯ ಗಂಡಸರು, ಬಹುಪಾಲು ರೈತರು. ಕಪ್ಪು ಜನರಿಗೆ ಕೋರ್ಟಿನಲ್ಲಿ ಕೂರಲು ಮೇಲಿನ ಬಾಲ್ಕನಿ. ಸ್ಕೌಟ್ ಮತ್ತು ಅವಳ ಅಣ್ಣನೂ ಕೆಳಗೆ ಜಾಗವಿಲ್ಲದೆ ಅಲ್ಲೇ ಹೋಗಿ ಕೂರುತ್ತಾರೆ.

ಪ್ರಾಸಿಕ್ಯೂಷನ್ ಸಾಕ್ಷಿ ಒಂದು, ಷೆರಿಫ್. ನವೆಂಬರ್ 21ರ ರಾತ್ರಿ ಹುಡುಗಿಯ ಅಪ್ಪ ಬಾಬ್ ಯೂಯೆಲ್ ಬಂದು ಕರೆದ, ಹೋಗಿ ನೋಡಿದರೆ ಹುಡುಗಿ ಪೆಟ್ಟು ತಿಂದು ಬಿದ್ದಿದ್ದಳು, ಟಾಮ್ ಹೆಸರು ಹೇಳಿದಳು, ಅವನನ್ನು ಹಿಡಿದು ತಂದೆ ಎಂದರು. ಆಟಿಕಸ್ ಕೇಳುವ ಮೊದಲ ಪ್ರಶ್ನೆಯೇ ಡಾಕ್ಟರನ್ನು ಕರೆಸಿದಿರಾ ಎಂದು. ಇಲ್ಲ. ಯಾಕೆ? ಅಗತ್ಯ ಕಾಣಲಿಲ್ಲ. ಇದನ್ನು ಓದುವಾಗ ನನ್ನ ಕೈ ನಿಂತಿತು. ನಮ್ಮಲ್ಲಿ ವೂಂಡ್ ಸರ್ಟಿಫಿಕೇಟ್ ಇಲ್ಲದ ಇಂಥ ಕೇಸನ್ನು ಊಹಿಸುವುದೇ ಕಷ್ಟ. 2005ರ ತಿದ್ದುಪಡಿಯಿಂದ ಬಂದ 164ಎ ಕಲಮು, ದೂರು ಬಂದ 24 ಗಂಟೆಯೊಳಗೆ ಸಂತ್ರಸ್ತೆಯನ್ನು ವೈದ್ಯರ ಬಳಿ ಕಳಿಸಬೇಕು ಎನ್ನುತ್ತಿತ್ತು. ಮೇಕಂಬಿನಲ್ಲಿ ಒಬ್ಬನನ್ನು ಸಾವಿನ ಬಾಯಿಗೆ ದೂಡುವ ಆರೋಪಕ್ಕೆ ವೈದ್ಯಕೀಯ ಪುರಾವೆಯೇ ಇಲ್ಲ, ಕೇಳಿದವರೂ ಇಲ್ಲ. ಬಿಳಿಯ ಅಪ್ಪ ಹೇಳಿದ, ಬಿಳಿಯ ಮಗಳು ಹೌದೆಂದಳು, ಅಷ್ಟಕ್ಕೇ ತನಿಖೆ ಮುಗಿದಿತ್ತು.

ಗಾಯಗಳ ವಿವರ ಮಾತ್ರ ಷೆರಿಫ್ ಬಾಯಿಂದ ಬಂತು. ಮುಖದ ಬಲಭಾಗದಲ್ಲಿ ಪೆಟ್ಟು, ಕುತ್ತಿಗೆಯ ಸುತ್ತ ಬೆರಳಿನ ಗುರುತು. ಸುತ್ತ ಎಂದರೆ ಹಿಂದೆ ಮುಂದೆ ಎಲ್ಲ ಕಡೆ.

ಎರಡನೇ ಸಾಕ್ಷಿ ಬಾಬ್ ಯೂಯೆಲ್. ಆಟಿಕಸ್ ಅವನಿಗೆ ಷೆರಿಫ್ ಹೇಳಿದ ಗಾಯಗಳನ್ನು ಒಪ್ಪುತ್ತೀಯಾ ಎಂದು ಕೇಳಿ ಹೌದೆನ್ನಿಸುತ್ತಾರೆ. ಆಮೇಲೆ ಓದು ಬರಹ ಬರುತ್ತದೆಯೇ ಎಂದು ಕೇಳಿ, ಒಂದು ಲಕೋಟೆಯ ಹಿಂಬದಿ ಕೊಟ್ಟು ಹೆಸರು ಬರೆಯಲು ಹೇಳುತ್ತಾರೆ. ಬಾಬ್ ಎಡಗೈಯಲ್ಲಿ ಬರೆಯುತ್ತಾನೆ. ಎದುರು ನಿಂತವಳ ಬಲಗೆನ್ನೆಗೆ ಹೊಡೆತ ಸರಾಗವಾಗಿ ಬೀಳುವುದು ಎಡಗೈಯಿಂದ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಒಳ್ಳೆಯ ಪಾಟಿ ಸವಾಲು ಹೀಗೇ ಇರುತ್ತದೆ. ಕೆಟ್ಟ ವಕೀಲರು ಸಾಕ್ಷಿಯ ಮೇಲೆ ಕೂಗಾಡುತ್ತಾರೆ. ಒಳ್ಳೆಯವರು ಸಾಕ್ಷಿಯ ಕೈಗೆ ಪೆನ್ನು ಕೊಡುತ್ತಾರೆ.

ಇನ್ನು ಟಾಮ್‌ನ ಎಡಗೈ. ಹುಡುಗನಿದ್ದಾಗ ಹತ್ತಿ ಜಿನ್ನಿನ ಯಂತ್ರಕ್ಕೆ ಸಿಕ್ಕಿ ಮಾಂಸಖಂಡವೆಲ್ಲ ಹರಿದುಹೋದ ಕೈ. ಬಲಗೈಗಿಂತ ಒಂದಡಿ ಗಿಡ್ಡ, ಸುಕ್ಕುಗಟ್ಟಿ ಜೋತುಬಿದ್ದದ್ದು. ಸಿನಿಮಾದಲ್ಲಿ ಆಟಿಕಸ್ ಒಂದು ಗ್ಲಾಸು ಎಸೆಯುತ್ತಾರೆ, ಟಾಮ್ ಬಲಗೈಯಲ್ಲಿ ಹಿಡಿಯುತ್ತಾನೆ. ಕಾದಂಬರಿ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಟಾಮ್ ಸಾಕ್ಷಿ ಹೇಳಲು ಬಂದು ಪ್ರಮಾಣ ಮಾಡುವಾಗ ಬಲಗೈಯಿಂದ ಆ ಎಡಗೈಯನ್ನು ಎತ್ತಿ ಬೈಬಲ್ ಮೇಲೆ ಇಡುತ್ತಾನೆ. ಅದು ನಿಲ್ಲದೆ ಜಾರಿ ಬೀಳುತ್ತದೆ. ಮತ್ತೆ ಇಡಲು ಹೋದಾಗ ನ್ಯಾಯಾಧೀಶರೇ ಸಾಕು ಎನ್ನುತ್ತಾರೆ. ಇಡೀ ಮೊಕದ್ದಮೆಯ ಅತಿ ಮುಖ್ಯ ಸಾಕ್ಷ್ಯ ಅದೇ. ನನ್ನ ಟೈಪ್‌ರೈಟರಿನಲ್ಲಿ ಅದು ಹೇಗೆ ಬರುತ್ತಿತ್ತು? "ಸಾಕ್ಷಿಗೆ ಪ್ರಮಾಣವಚನ ಬೋಧಿಸಲಾಯಿತು." ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಮಯೆಲ್ಲಾಳ ಸಾಕ್ಷ್ಯವನ್ನು ನಾನು ಬೇರೆ ರೀತಿಯಲ್ಲಿ ಓದಬೇಕಾಯಿತು. ಅತ್ಯಾಚಾರದ ಕೇಸುಗಳಲ್ಲಿ ಹುಡುಗಿಯರಿಗೆ ಏನೇನು ಪ್ರಶ್ನೆ ಬೀಳುತ್ತವೆ ಎಂದು ಟೈಪ್ ಮಾಡಿದವಳು ನಾನು. ದೂರು ಕೊಟ್ಟವಳ ಶೀಲವನ್ನೇ ಹಿಡಿದು ಅವಳ ಮಾತನ್ನು ಅಲ್ಲಗಳೆಯಲು ಅವಕಾಶ ಕೊಟ್ಟಿದ್ದ ಸಾಕ್ಷ್ಯ ಅಧಿನಿಯಮದ 155ನೇ ಕಲಮಿನ ನಾಲ್ಕನೇ ಉಪಕಲಮು ನಮ್ಮ ದೇಶದಲ್ಲಿ 2002ರ ತಿದ್ದುಪಡಿಯವರೆಗೂ ಇತ್ತು. ಬಾಗಿಲು ಹಾಕಿ ವಿಚಾರಣೆ ನಡೆಸುವ ನಿಯಮ ಬಂದದ್ದೂ 1983ರಲ್ಲಿ. ಮೇಕಂಬಿನಲ್ಲಿ ಊರಿಗೆ ಊರೇ ಕೂತು ಕೇಳುತ್ತಿದೆ, ಮಕ್ಕಳು ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದಾರೆ. ಹಾಗಾಗಿ ಆಟಿಕಸ್ ಅವಳತ್ತ ತಿರುಗಿದಾಗ ನನಗೆ ಮೊದಲು ಬಂದದ್ದು ಕಸಿವಿಸಿ. ಇದನ್ನು ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ಸುಳ್ಳು ಹೇಳುವ ಹೆಣ್ಣಿನ ಕಥೆಯನ್ನು ಜಗತ್ತು ಎಷ್ಟು ಬೇಗ ನಂಬುತ್ತದೆ ಎಂದು ಕೋರ್ಟಿನಲ್ಲಿ ಕೂತವರಿಗೆ ಗೊತ್ತು.

ಆದರೆ ಆಟಿಕಸ್ ಅವಳ ಹಿಂದಿನ ನಡತೆ ಕೇಳುವುದಿಲ್ಲ. ವಯಸ್ಸೆಷ್ಟು, ಶಾಲೆಗೆ ಎಷ್ಟು ದಿನ ಹೋಗಿದ್ದೆ, ತಮ್ಮ ತಂಗಿಯರೆಷ್ಟು, ಅಪ್ಪ ಕುಡಿಯುತ್ತಾನೆಯೇ, ಗೆಳತಿಯರಿದ್ದಾರೆಯೇ ಎಂದು ಕೇಳುತ್ತಾರೆ. ಗೆಳತಿಯರ ಮಾತು ಬಂದಾಗ, ಇವರು ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾಳೆ. ಮರ್ಯಾದೆಯಿಂದ ಮಾತಾಡಿಸಿದ್ದೂ ಗೇಲಿಯಾಗಿಯೇ ಕೇಳುತ್ತದೆ. ಅವಳನ್ನು ಹಾಗೆ ಮಾತಾಡಿಸಿದವರೇ ಇಲ್ಲ. ಊರಿನ ಕಸದ ಗುಂಡಿಯ ಹಿಂದೆ ಮನೆ. ಅಂಗಳದ ಮೂಲೆಯಲ್ಲಿ ಒಡಕು ಪಾತ್ರೆಗಳಲ್ಲಿ ಅವಳೇ ನೆಟ್ಟ ಕೆಂಪು ಜೆರೇನಿಯಂ ಹೂಗಳು. ಟಾಮ್ ನಿನಗೆ ಹೊಡೆದನೇ ಎಂದು ಕೇಳಿದಾಗ ಮೊದಲು ನೆನಪಿಲ್ಲ ಎನ್ನುತ್ತಾಳೆ, ಆಮೇಲೆ ಹೌದು ಹೊಡೆದ ಎನ್ನುತ್ತಾಳೆ. ಇಂಥ ಎರಡು ಉತ್ತರಗಳು ಒಂದೇ ಪುಟದಲ್ಲಿ ಬಂದರೆ ನಮ್ಮ ವಕೀಲರು ಕೆಂಪು ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆದುಕೊಳ್ಳುತ್ತಾರೆ. ಕೊನೆಗೆ ಅಳುತ್ತಾ, ಅಲ್ಲಿ ಕೂತ ಗಂಡಸರು ಏನೂ ಮಾಡದಿದ್ದರೆ ಹೇಡಿಗಳು ಎಂದು ಜ್ಯೂರಿಗೇ ಸವಾಲು ಹಾಕಿ ಬಾಯಿ ಮುಚ್ಚಿಬಿಡುತ್ತಾಳೆ. ಸಾಕ್ಷ್ಯವಾಗಿ ಅದಕ್ಕೆ ಬೆಲೆಯೇನಿಲ್ಲ. ಆ ಹನ್ನೆರಡು ಜನರಿಗೆ ಅಷ್ಟೇ ಸಾಕಾಗಿತ್ತು.

ಈಗ ಟಾಮ್. ಇಲ್ಲಿ ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ಆರೋಪಿಯ ಹೇಳಿಕೆ ಪಡೆಯುತ್ತಾರೆ. ಅದಕ್ಕೆ ಪ್ರಮಾಣವಿಲ್ಲ, ಪಾಟಿ ಸವಾಲಿಲ್ಲ. ಬಹುತೇಕ ಆರೋಪಿಗಳು ಪ್ರತಿ ಪ್ರಶ್ನೆಗೂ "ಸುಳ್ಳು" ಎಂದು ಹೇಳಿ ಕೆಳಗಿಳಿಯುತ್ತಾರೆ. ತಾನೇ ಸಾಕ್ಷಿಯಾಗಿ ನಿಲ್ಲುವ ಹಕ್ಕಿದೆ, ನಿಲ್ಲುವವರು ಅಪರೂಪ. ಅಮೆರಿಕದಲ್ಲೂ ಆರೋಪಿ ಸುಮ್ಮನಿರಬಹುದು. ಆದರೆ ಕಟಕಟೆ ಹತ್ತಿದರೆ ಪ್ರಮಾಣ ಮಾಡಬೇಕು, ಎದುರು ವಕೀಲರ ಸವಾಲಿಗೆ ಮೈಯೊಡ್ಡಬೇಕು. ಟಾಮ್ ಹತ್ತಿದ. ಅವನ ಪರ ಹೇಳಲು, ನಡೆದದ್ದನ್ನು ಕಂಡವರು ಬೇರೆ ಯಾರೂ ಇರಲಿಲ್ಲ.

ಅವನು ಹೇಳುವುದು ಹೀಗೆ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಅವರ ಮನೆ. ಆ ಹುಡುಗಿ ಆಗಾಗ ಕರೆದು ಕಟ್ಟಿಗೆ ಒಡೆಯಲು, ನೀರು ಸೇದಲು ಹೇಳುತ್ತಿದ್ದಳು, ಅವನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತಿದ್ದ. ಆ ದಿನ ಮನೆಯಲ್ಲಿ ಮಕ್ಕಳ ಸದ್ದಿರಲಿಲ್ಲ. ವರ್ಷವಿಡೀ ಚಿಲ್ಲರೆ ಕೂಡಿಟ್ಟು ಅವರನ್ನೆಲ್ಲ ಐಸ್‌ಕ್ರೀಂ ತಿನ್ನಲು ಪೇಟೆಗೆ ಕಳಿಸಿದ್ದಳು. ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಲು ಹೇಳಿದಳು, ಅವನು ಕುರ್ಚಿ ಹತ್ತಿದಾಗ ಕಾಲು ಹಿಡಿದಳು, ಆಮೇಲೆ ತಬ್ಬಿ ಮುತ್ತಿಟ್ಟಳು. ಕಿಟಕಿಯಲ್ಲಿ ಅಪ್ಪ ನಿಂತಿದ್ದ. ಟಾಮ್ ಓಡಿದ.

ಇಡೀ ಹೇಳಿಕೆಯಲ್ಲಿ ಅವನು ಒಮ್ಮೆಯೂ ಮಯೆಲ್ಲಾ ಸುಳ್ಳು ಹೇಳುತ್ತಿದ್ದಾಳೆ ಎನ್ನುವುದಿಲ್ಲ. ಗಿಲ್ಮರ್ ಆ ಮಾತಿಗೆ ಎಳೆಯುತ್ತಾರೆ. ಟಾಮ್ ತಪ್ಪಿಸಿಕೊಳ್ಳುತ್ತಾನೆ, ಅವಳಿಗೆ ಮನಸ್ಸಿನಲ್ಲಿ ಏನೋ ತಪ್ಪು ತಿಳಿವಳಿಕೆ ಆಗಿರಬೇಕು ಎಂದಷ್ಟೇ ಹೇಳುತ್ತಾನೆ. ನಮ್ಮ ಕೋರ್ಟಿನಲ್ಲಿ ಕಳ್ಳನಿಂದ ಕೊಲೆಗಾರನವರೆಗೆ, ತಪ್ಪು ಮಾಡದವನೂ ಸೇರಿ, ಪ್ರತಿಯೊಬ್ಬ ಆರೋಪಿಗೂ ದಕ್ಕುವ ಒಂದು ಮಾತಿದೆ: "ಸಾಕ್ಷಿ ಹೇಳುವುದು ಸುಳ್ಳು." ನಾನು ದಿನಕ್ಕೆ ಎಷ್ಟು ಸಲ ಅದನ್ನು ಟೈಪ್ ಮಾಡುತ್ತಿದ್ದೆನೋ. ಆ ಒಂದು ಮಾತನ್ನು ಆಡುವ ಅಧಿಕಾರ ಟಾಮ್‌ಗೆ ಇಲ್ಲ. ಬಿಳಿಯ ಹೆಣ್ಣನ್ನು ಕಪ್ಪು ಗಂಡಸು ಸುಳ್ಳುಗಾತಿ ಎನ್ನುವುದೇ ಅಲ್ಲಿ ಎರಡನೇ ಅಪರಾಧ. ಕಾನೂನು ಅವನಿಗೆ ವಕೀಲರನ್ನು ಕೊಟ್ಟಿದೆ, ಪ್ರಮಾಣ ಮಾಡಿಸಿದೆ, ಕಟಕಟೆ ಕೊಟ್ಟಿದೆ. ಎದುರಿನವರ ಮಾತನ್ನು ನೇರವಾಗಿ ಅಲ್ಲಗಳೆಯುವ ಸ್ವಾತಂತ್ರ್ಯ ಮಾತ್ರ ಆ ಊರು ಕೊಟ್ಟಿಲ್ಲ.

ಗಿಲ್ಮರ್ ಮತ್ತೆ ಕೆದಕುತ್ತಾರೆ. ದುಡ್ಡಿಲ್ಲದೆ ಅಷ್ಟೆಲ್ಲ ಕೆಲಸ ಯಾಕೆ ಮಾಡಿಕೊಟ್ಟೆ? ಟಾಮ್ ನಿಜ ಹೇಳಿಬಿಡುತ್ತಾನೆ: ಅವಳನ್ನು ನೋಡಿ ಅಯ್ಯೋ ಪಾಪ ಅನ್ನಿಸುತ್ತಿತ್ತು, ಮನೆಯಲ್ಲಿ ಬೇರೆ ಯಾರೂ ಅವಳಿಗೆ ಕೈಜೋಡಿಸುತ್ತಿರಲಿಲ್ಲ. ಗಿಲ್ಮರ್ ಆ ಮಾತನ್ನು ಹಿಡಿದು ಜ್ಯೂರಿಯ ಕಡೆ ತಿರುಗಿ ಮತ್ತೊಮ್ಮೆ ಹೇಳುತ್ತಾರೆ. ಸಭೆಯಲ್ಲಿ ಗುಸುಗುಸು. ಟಾಮ್‌ಗೂ ತಾನು ಆಡಬಾರದ ಮಾತು ಆಡಿದೆನೆಂದು ತಿಳಿಯುತ್ತದೆ, ಆದರೆ ಅಷ್ಟು ಹೊತ್ತಿಗೆ ತಡವಾಗಿದೆ.

ಕಡತದಲ್ಲಿ ಇದು ಒಂದು ನಿರುಪದ್ರವಿ ಸಾಲು. "ಆಕೆಯನ್ನು ಕಂಡು ನನಗೆ ಕನಿಕರವಾಗುತ್ತಿದ್ದುದರಿಂದ ಕೆಲಸ ಮಾಡಿಕೊಡುತ್ತಿದ್ದೆ." ಯಾವ ಅಪರಾಧದ ಯಾವ ಅಂಶವನ್ನೂ ಇದು ರುಜುವಾತು ಮಾಡುವುದಿಲ್ಲ. ಮೇಲ್ಮನವಿಯಲ್ಲಿ ಯಾವ ನ್ಯಾಯಾಧೀಶರೂ ಇದರ ಮೇಲೆ ಕಣ್ಣು ನಿಲ್ಲಿಸುವುದಿಲ್ಲ. ಆದರೆ ಆ ಕೋಣೆಯಲ್ಲಿ ಕೂತ ಹನ್ನೆರಡು ಜನರ ಕಿವಿಗೆ ಅದು ಬೇರೆಯೇ ಕೇಳಿಸಿತು. ಯೂಯೆಲ್ ಮನೆಯವರಿಗೆ ಹೊಲವಿಲ್ಲ, ಓದಿಲ್ಲ, ಮರ್ಯಾದೆಯಿಲ್ಲ. ಕಸದ ಗುಂಡಿಯಲ್ಲಿ ಸಿಕ್ಕಿದ್ದನ್ನು ಆಯ್ದು ಬದುಕುವವರು. ಅವರ ಬಳಿ ಇರುವ ಒಂದೇ ಆಸ್ತಿ ಮೈಬಣ್ಣ. ಕನಿಕರ ಮೇಲಿನವರು ಕೆಳಗಿನವರಿಗೆ ತೋರಿಸುವ ಸಂಗತಿ. ಕಪ್ಪು ಕೂಲಿಯವನೊಬ್ಬ ಬಿಳಿಯ ಹುಡುಗಿಗೆ ಕನಿಕರಪಟ್ಟ ಎಂದರೆ ಆ ಏಣಿಯೇ ತಲೆಕೆಳಗಾಯಿತು. ನನಗೆ ಕಾಣುವಂತೆ ಟಾಮ್‌ನನ್ನು ಮುಗಿಸಿದ್ದು ಬಾಬ್ ಯೂಯೆಲ್‌ನ ಸುಳ್ಳಲ್ಲ. ಆ ಸುಳ್ಳನ್ನು ಆಟಿಕಸ್ ಲಕೋಟೆಯ ಹಿಂಬದಿಯಲ್ಲೇ ಬಯಲು ಮಾಡಿದ್ದರು. ಅವನನ್ನು ಮುಗಿಸಿದ್ದು ಅವನೇ ಪ್ರಮಾಣ ಮಾಡಿ ಹೇಳಿದ ಒಂದು ನಿಜ.

ಜ್ಯೂರಿ ಒಳಗೆ ಹೋಗಿ ಗಂಟೆಗಟ್ಟಲೆ ಕೂರುತ್ತದೆ. ರಾತ್ರಿ ಹನ್ನೊಂದು ದಾಟಿದ ಮೇಲೆ ಹೊರಬಂದು ಅಪರಾಧಿ ಎನ್ನುತ್ತದೆ. ಅಷ್ಟು ಹೊತ್ತು ಕೂತದ್ದೇ ದೊಡ್ಡ ವಿಷಯ, ಒಳಗೆ ಒಬ್ಬನಾದರೂ ಬಿಡುಗಡೆಯ ಪರ ವಾದಿಸಿದ್ದ ಎಂದು ಆಮೇಲೆ ತಿಳಿಯುತ್ತದೆ. ಮೇಲ್ಮನವಿಗೂ ಮೊದಲೇ ಜೈಲಿನ ಅಂಗಳದಲ್ಲಿ ಬೇಲಿ ಹತ್ತಿ ಓಡಲು ಹೋದ ಟಾಮ್‌ನನ್ನು ಕಾವಲಿನವರು ಗುಂಡಿಕ್ಕಿ ಕೊಲ್ಲುತ್ತಾರೆ. ಹದಿನೇಳು ಗುಂಡು.

ನಮ್ಮಲ್ಲಿ ನ್ಯಾಯಾಧೀಶರು ತೀರ್ಪಿನಲ್ಲಿ ಕಾರಣ ಬರೆಯಲೇಬೇಕು. ಈ ಸಾಕ್ಷಿಯನ್ನು ಯಾಕೆ ನಂಬಿದೆ, ಆ ಸಾಕ್ಷಿಯನ್ನು ಯಾಕೆ ನಂಬಲಿಲ್ಲ ಎಂದು ಪುಟಗಟ್ಟಲೆ ಬರೆಸುವುದನ್ನು ಟೈಪ್ ಮಾಡಿ ಮಾಡಿ ನನ್ನ ಬೆರಳು ನೋಯುತ್ತಿದ್ದವು. ಜ್ಯೂರಿಗೆ ಆ ಹಂಗಿಲ್ಲ. ಒಂದು ಮಾತಿನಲ್ಲಿ ಹೇಳಿ ಎದ್ದು ಹೋಗಬಹುದು. ಮೇಕಂಬಿನ ಹನ್ನೆರಡು ಜನ ಕಾರಣ ಬರೆಯಬೇಕಾಗಿ ಬಂದಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸುತ್ತೇನೆ. ಎಡಗೈ ಸ್ವಾಧೀನವಿಲ್ಲದವನು ಬಲಗೆನ್ನೆಗೆ ಹೊಡೆದದ್ದು ಹೇಗೆ ಎಂಬ ಪ್ಯಾರಾವನ್ನು ಹೇಗೆ ದಾಟುತ್ತಿದ್ದರು?

ಕಾರಣ ಬರೆದ ನ್ಯಾಯಾಧೀಶರೊಬ್ಬರು ನಿಜವಾಗಿಯೂ ಅಲಬಾಮಾದಲ್ಲಿ ಇದ್ದರು. 1931ರ ಮಾರ್ಚಿನಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕಪ್ಪು ಹುಡುಗರನ್ನು ಪೇಂಟ್ ರಾಕ್ ಎಂಬಲ್ಲಿ ಇಳಿಸಿ, ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ಮಾಡಿದರೆಂದು ಹಿಡಿದರು. ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ ಕೆಲವೇ ದಿನಗಳ ವಿಚಾರಣೆ ನಡೆದು ಎಂಟು ಜನರಿಗೆ ಮರಣದಂಡನೆ ಆಯಿತು. ಸರಿಯಾದ ವಕೀಲರನ್ನು ಕೊಡಲಿಲ್ಲವೆಂದು 1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 1933ರಲ್ಲಿ ಡೆಕೇಟರ್ ಎಂಬಲ್ಲಿ ಹೇವುಡ್ ಪ್ಯಾಟರ್ಸನ್ ಎಂಬಾತನ ಮರುವಿಚಾರಣೆ. ಮೇಕಂಬಿನಲ್ಲಿ ಇಲ್ಲದ್ದೆಲ್ಲ ಇಲ್ಲಿತ್ತು. ಪರೀಕ್ಷೆ ಮಾಡಿದ ಡಾಕ್ಟರ್ ಸಾಕ್ಷಿ ಹೇಳಿದರು, ಅವರ ಮಾತು ಆರೋಪಕ್ಕೆ ಹೊಂದುತ್ತಿರಲಿಲ್ಲ. ಇಬ್ಬರು ಯುವತಿಯರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಕೋರ್ಟಿಗೆ ಬಂದು, ಅತ್ಯಾಚಾರ ನಡೆಯಲೇ ಇಲ್ಲ ಎಂದಳು. ಪ್ರಾಸಿಕ್ಯೂಷನ್ ಅವಳ ಹೊಸ ಬಟ್ಟೆಯ ಕಡೆ ಬೆರಳು ತೋರಿಸಿತು. ಆರೋಪಿ ಪರ ವಕೀಲ ಸ್ಯಾಮುಯೆಲ್ ಲೀಬೋವಿಟ್ಜ್ ನ್ಯೂಯಾರ್ಕಿನ ಯಹೂದಿ ಎಂಬುದನ್ನು ಜ್ಯೂರಿಯ ಮುಂದೆ ಎತ್ತಾಡಿತು. ಮತ್ತೆ ಅಪರಾಧಿ, ಮತ್ತೆ ಮರಣದಂಡನೆ. ಟಾಮ್ ಕೇಸಿನಲ್ಲಿ ಡಾಕ್ಟರ್ ಬಂದಿದ್ದರೆ ಎಂದು ಆಸೆಪಡುವ ಓದುಗರಿಗೆ ಡೆಕೇಟರ್ ಉತ್ತರ ಕೊಡುತ್ತದೆ.

ಆ ವಿಚಾರಣೆ ನಡೆಸಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ 1933ರ ಜೂನ್‌ನಲ್ಲಿ ಸಾಕ್ಷ್ಯವನ್ನು ಎಳೆಎಳೆಯಾಗಿ ಬಿಡಿಸಿ ಬರೆದು, ದೂರುದಾರಳ ಮಾತಿಗೆ ಬೇರೆ ಸಾಕ್ಷ್ಯದ ಬೆಂಬಲವಿಲ್ಲ, ವಿರುದ್ಧವಾದ ಸಾಕ್ಷ್ಯವೇ ಇದೆ ಎಂದು ಜ್ಯೂರಿಯ ತೀರ್ಮಾನವನ್ನು ತಳ್ಳಿಹಾಕಿದರು. ಅಲ್ಲಿ ನ್ಯಾಯಾಧೀಶರು ಚುನಾವಣೆಯಿಂದ ಬರುವವರು. 1934ರ ಚುನಾವಣೆಯಲ್ಲಿ ಹಾರ್ಟನ್ ಸೋತರು, ಮತ್ತೆ ಆ ಪೀಠಕ್ಕೆ ಬರಲಿಲ್ಲ.

ಜ್ಯೂರಿಯಲ್ಲಿ ಕಪ್ಪು ಜನ ಯಾಕಿರಲಿಲ್ಲ ಎಂಬ ಪ್ರಶ್ನೆಯೂ ಅದೇ ಕೇಸಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರೂ ಇದೆಯಲ್ಲ ಎಂದಿತ್ತು ರಾಜ್ಯ. ಆ ಹೆಸರುಗಳನ್ನು ಆಮೇಲೆ ಸೇರಿಸಿದ್ದು ಎಂದು ಲೀಬೋವಿಟ್ಜ್ ಪಟ್ಟಿಯ ಪುಸ್ತಕವನ್ನೇ ನ್ಯಾಯಮೂರ್ತಿಗಳ ಮುಂದಿಟ್ಟರು, ಅವರು ಭೂತಗನ್ನಡಿ ಹಿಡಿದು ನೋಡಿದರು. 1935ರ ಏಪ್ರಿಲ್‌ನಲ್ಲಿ ತೀರ್ಪು ಆರೋಪಿಗಳ ಪರ ಬಂತು. ಕಾದಂಬರಿಯ ವಿಚಾರಣೆ ನಡೆಯುವುದೂ 1935ರ ಸುಮಾರಿನ ಬೇಸಿಗೆಯಲ್ಲೇ, ಮೇಕಂಬಿನ ಜ್ಯೂರಿ ಪೆಟ್ಟಿಗೆಯಲ್ಲಿ ಒಬ್ಬ ಕಪ್ಪು ಮನುಷ್ಯನೂ ಇಲ್ಲ. ಇದೆಲ್ಲ ದೂರದ ದೇಶದ ಕಥೆ ಎನ್ನುವವರು ಇಲ್ಬರ್ಟ್ ಮಸೂದೆಯ ಗಲಾಟೆ ನೆನಪಿಸಿಕೊಳ್ಳಬಹುದು. ಭಾರತೀಯ ನ್ಯಾಯಾಧೀಶರ ಮುಂದೆ ನಿಲ್ಲಲು ಇಲ್ಲಿನ ಬಿಳಿಯರು 1883ರಲ್ಲಿ ಒಪ್ಪಲಿಲ್ಲ. ಮರುವರ್ಷ ಆದ ರಾಜಿಯಲ್ಲಿ, ಅರ್ಧದಷ್ಟಾದರೂ ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರುವ ಜ್ಯೂರಿ ಬೇಕೆಂದು ಕೇಳುವ ಹಕ್ಕು ಅವರಿಗೆ ಸಿಕ್ಕಿತು. ತನ್ನ ಬಣ್ಣದವನೇ ತನ್ನ ಮಾತು ನಂಬುತ್ತಾನೆ ಎಂಬುದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಲೀ ಹುಟ್ಟಿದ ಊರು ಮನ್ರೋವಿಲ್. ಅಪ್ಪ ಅಮಾಸಾ ಕೋಲ್ಮನ್ ಲೀ ವಕೀಲರು, ಸ್ಥಳೀಯ ಪತ್ರಿಕೆಯನ್ನೂ ನಡೆಸುತ್ತಿದ್ದವರು. ಕೊಲೆ ಆರೋಪ ಹೊತ್ತ ಕಪ್ಪು ತಂದೆ ಮಗನ ಪರ 1919ರಲ್ಲಿ ನಿಂತಿದ್ದರು, ಇಬ್ಬರಿಗೂ ಗಲ್ಲಾಯಿತು. ಲೀಗೆ ಏಳು ವರ್ಷವಿದ್ದಾಗ, 1933ರ ನವೆಂಬರ್‌ನಲ್ಲಿ, ವಾಲ್ಟರ್ ಲೆಟ್ ಎಂಬ ಕಪ್ಪು ಮನುಷ್ಯನ ಮೇಲೆ ಬಿಳಿಯ ಹೆಂಗಸೊಬ್ಬಳ ಅತ್ಯಾಚಾರದ ಆರೋಪ ಬಂತು. ಮರುವರ್ಷ ಮರಣದಂಡನೆ. ಊರಿನ ಕೆಲವರು ರಾಜ್ಯಪಾಲರಿಗೆ ಪತ್ರ ಬರೆದ ಮೇಲೆ ಅದು ಜೀವಾವಧಿಗೆ ಇಳಿಯಿತು. ಗಲ್ಲಿನ ಸಾಲಿನಲ್ಲಿ ಕಾದು ಕಾದು ಅವನ ಬುದ್ಧಿ ಅಷ್ಟರಲ್ಲಿ ಕೆಟ್ಟಿತ್ತು, 1937ರಲ್ಲಿ ಆಸ್ಪತ್ರೆಯಲ್ಲಿ ಕ್ಷಯದಿಂದ ಸತ್ತ.

ಪುಸ್ತಕದ ಬಗ್ಗೆ ತಕರಾರುಗಳೂ ಇವೆ, ನ್ಯಾಯವಾದವೇ. ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು 1992ರಲ್ಲಿ ವಕೀಲರ ಪತ್ರಿಕೆಯೊಂದರಲ್ಲಿ ಬರೆದು, ಕೋರ್ಟು ನೇಮಿಸದಿದ್ದರೆ ಆಟಿಕಸ್ ಈ ಅನ್ಯಾಯದ ವಿರುದ್ಧ ತಾನಾಗಿ ಏನು ಮಾಡಿದ್ದ ಎಂದು ಕೇಳಿ, ಅಮೆರಿಕದ ವಕೀಲರನ್ನೆಲ್ಲ ರೇಗಿಸಿದ್ದರು. ನನ್ನ ತಕರಾರು ಬೇರೆ. ಟಾಮ್ ಮನಸ್ಸು ಬಿಚ್ಚಿ ಮಾತಾಡುವುದು ಕಟಕಟೆಯಲ್ಲಿ ಮಾತ್ರ. ಮುಂದೆ ಅವನ ಸುದ್ದಿಯನ್ನೆಲ್ಲ ಬೇರೆಯವರು ಹೇಳುತ್ತಾರೆ, ಸಾವನ್ನು ಕೂಡ. 2018ರಲ್ಲಿ ಆರನ್ ಸಾರ್ಕಿನ್ ಬ್ರಾಡ್‌ವೇ ನಾಟಕ ಮಾಡಿದಾಗ ಟಾಮ್‌ಗೂ ಮನೆಗೆಲಸದ ಕಲ್ಪರ್ನಿಯಾಗೂ ಹೆಚ್ಚು ಮಾತು ಕೊಟ್ಟರು. ಇನ್ನೊಂದು ಸ್ವಾರಸ್ಯ ಇದೆ. ಲೀ ಮೊದಲು ಬರೆದು ಬದಿಗಿಟ್ಟ 'ಗೋ ಸೆಟ್ ಎ ವಾಚ್‌ಮನ್' 2015ರಲ್ಲಿ ಅಚ್ಚಾಯಿತು. ಅದರಲ್ಲಿ ಇದೇ ಮೊಕದ್ದಮೆ ಒಂದೆರಡು ಪ್ಯಾರಾದಲ್ಲಿ ಬಂದು ಹೋಗುತ್ತದೆ, ಒಂದೇ ಕೈಯ ಆರೋಪಿ ಅಲ್ಲಿ ಬಿಡುಗಡೆಯಾಗುತ್ತಾನೆ. ತಿದ್ದಿ ಬರೆಯುವಾಗ ಲೀ ತೀರ್ಪನ್ನು ಬದಲಾಯಿಸಿದರು. ಅಲಬಾಮಾದ ಕೋರ್ಟುಗಳನ್ನು ಬಲ್ಲವರು ಬೇರೇನು ಮಾಡಲು ಸಾಧ್ಯವಿತ್ತು?

ಮನ್ರೋವಿಲ್‌ನ ಹಳೇ ಕೋರ್ಟು ಈಗ ಮ್ಯೂಸಿಯಂ. ಜನ ಪುಸ್ತಕ ಹಿಡಿದು ನೋಡಲು ಬರುತ್ತಾರೆ, ಊರಿನವರೇ ಮಾಕಿಂಗ್‌ಬರ್ಡ್ ನಾಟಕ ಆಡುತ್ತಾರೆ. ಅದೇ ಊರಿನಲ್ಲಿ 1986ರ ನವೆಂಬರ್ 1ರಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿಳಿಯ ಹುಡುಗಿಯೊಬ್ಬಳ ಕೊಲೆಯಾಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದು, ವಿಚಾರಣೆಗೂ ಮೊದಲೇ ಗಲ್ಲಿನ ಕೈದಿಗಳ ಜೊತೆ ಇಟ್ಟರು. 1988ರ ವಿಚಾರಣೆ ಒಂದೂವರೆ ದಿನದಲ್ಲಿ ಮುಗಿಯಿತು. ಕೊಲೆ ನಡೆದ ಬೆಳಿಗ್ಗೆ ಅವನ ಮನೆಯಂಗಳದಲ್ಲಿ ಚರ್ಚಿಗಾಗಿ ಮೀನು ಕರಿದು ಮಾರುತ್ತಿದ್ದರು, ಅವನೂ ನಮ್ಮ ಜೊತೆಗೇ ಇದ್ದ ಎಂದು ಕಪ್ಪು ಜನ ಸಾಲಾಗಿ ಬಂದು ಸಾಕ್ಷಿ ಹೇಳಿದರು. ಹನ್ನೊಂದು ಬಿಳಿಯರೂ ಒಬ್ಬ ಕಪ್ಪು ಮನುಷ್ಯನೂ ಇದ್ದ ಜ್ಯೂರಿ ಅವರ ಮಾತು ಬಿಟ್ಟು, ರಾಲ್ಫ್ ಮೈಯರ್ಸ್ ಎಂಬ ಬಿಳಿಯ ಕ್ರಿಮಿನಲ್‌ನ ಮಾತು ನಂಬಿತು. ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶರು ಅದನ್ನು ಮೀರಿ ಮರಣದಂ‌ಡನೆ ವಿಧಿಸಿದರು. ವಕೀಲ ಬ್ರಯನ್ ಸ್ಟೀವನ್ಸನ್ ಕೇಸು ಕೈಗೆತ್ತಿಕೊಂಡು ಹಳೆಯ ದಾಖಲೆಗಳನ್ನು ಕೆದಕಿದರು. ಮೈಯರ್ಸ್‌ನ ಹೇಳಿಕೆ ಪೊಲೀಸರ ಟೇಪಿನಲ್ಲಿತ್ತು. ಹೇಳಿಕೆ ಮುಗಿದ ಮೇಲೂ ಟೇಪು ಓಡಿತು, ಇನ್ನೊಂದು ಬದಿಗೆ ತಿರುಗಿತು. ಅಲ್ಲಿ ಮೈಯರ್ಸ್, ಗೊತ್ತೇ ಇಲ್ಲದ ಮನುಷ್ಯನ ಹೆಸರನ್ನು ತನ್ನಿಂದ ಹೇಳಿಸುತ್ತಿದ್ದಾರೆ ಎಂದು ಪೊಲೀಸರ ಜೊತೆಗೇ ಜಗಳವಾಡುತ್ತಿದ್ದ. ಆ ಬದಿಯನ್ನು ಆರೋಪಿಯ ವಕೀಲರಿಗೆ ಯಾರೂ ಕೊಟ್ಟಿರಲಿಲ್ಲ. 1993ರ ಮಾರ್ಚ್‌ನಲ್ಲಿ ಮ್ಯಾಕ್‌ಮಿಲಿಯನ್ ಮನೆಗೆ ಬಂದ.